ಸುರಪುರದ ರಾಜಾ ವೆಂಕಟಪ್ಪ ನಾಯಕ

ಯಾದಗಿರಿಯಲ್ಲಿ ರೈಲಿನಿಂದ ಇಳಿದು, ಭೀಮಾ ನದಿಯನ್ನು ದಾಟಿ, ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟವನ್ನು ಹಿಂದಿಕ್ಕಿ ದಕ್ಷಿಣಕ್ಕೆ ಸಾಗಿದರೆ ಸುರಪುರ ಬರುತ್ತದೆ. ಸುತ್ತಲೂ ಕರಿಬಂಡೆಗಳ ಗುಡ್ಡ. ಆ ಗುಡ್ಡಗಳ ಮಡಿಲಲ್ಲಿ ಊರು. ಊರಿನೊಳಗೆ ನಾಯಕ ಅರಸರ ಅರಮನೆ. ಎತ್ತರದ ಗುಡ್ಡವೊಂದರ ಮೇಲೆ, ಜನರು ಟೇಲರ್ ಮಂಜಿಲ್ ಎಂದು ಕರೆಯುವ ಬಂಗಲೆ. ಅರಮನೆ ಹೆತ್ತ ತಾಯಿಯದು, ಬಂಗಲೆ ಸಾಕಿದ ತಂದೆಯದು. ಈ ಎರಡು ಮನೆಗಳ ನಡುವೆ ಒಬ್ಬ ಹುಡುಗ ಬೆಳೆದನು. ಹತ್ತೊಂಬತ್ತರ ಆಸುಪಾಸಿನಲ್ಲಿ ಅವನಿಗೆ ರಾಜ್ಯವನ್ನು ಒಪ್ಪಿಸಲಾಯಿತು. ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ ಅವನು ಗುಂಡೇಟಿನಿಂದ ಸತ್ತನು. ಸುರಪುರದ ರಾಜಾ ವೆಂಕಟಪ್ಪ ನಾಯಕನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. 1857-58ರ ದಂಗೆಯನ್ನು ನೆನೆದಾಗಲೆಲ್ಲ ನಾವು ಆ ಹೆಸರನ್ನು ನೆನೆಯುತ್ತೇವೆ. ಆದರೆ ಅವನ ಕಡೆಯ ನಾಲ್ಕು ತಿಂಗಳ ಶೌರ್ಯವನ್ನು ಹೇಳುವ ಭರದಲ್ಲಿ ಅದಕ್ಕೆ ಹಿಂದಿನ ಹದಿನಾರು ವರ್ಷಗಳನ್ನು ಬಿಟ್ಟುಬಿಡುವುದು ರೂಢಿಯಾಗಿದೆ. ಅವನ ಬಾಳಿನ ಬೀಗದ ಕೈ ಇರುವುದು ಆ ವರ್ಷಗಳಲ್ಲಿ.

ಸಗರನಾಡಿನ ಬೇಡ ನಾಯಕರು ಸಾಮಾನ್ಯರಲ್ಲ. ಕೃಷ್ಣಾ-ಭೀಮೆಗಳ ನಡುವಣ ಈ ಬಂಡೆಗಾಡಿನಲ್ಲಿ ಅವರು ಬೇರೂರಿದ್ದರು. 1705ರಲ್ಲಿ ಮುದಿ ಔರಂಗಜೇಬನು ತಾನೇ ದಂಡೆತ್ತಿ ಬಂದು ವಾಗಣಗೇರಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಪಿಡ್ಡ ನಾಯಕನು ತಿಂಗಳುಗಟ್ಟಲೆ ಅವನನ್ನು ಹೊರಗೆ ನಿಲ್ಲಿಸಿದನು. ಆ ಚಕ್ರವರ್ತಿಯು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದೇ. ಕೋಟೆ ಹೋಯಿತು, ನಾಯಕನು ಸಿಗಲಿಲ್ಲ. ಸುರಪುರದ ಮಕ್ಕಳು ಈ ಕಥೆಯನ್ನು ತೊಟ್ಟಿಲಲ್ಲಿಯೇ ಕೇಳುತ್ತಿದ್ದಿರಬೇಕು. ಒಂದೂಕಾಲು ಶತಮಾನದ ತರುವಾಯ, ಕೃಷ್ಣಪ್ಪ ನಾಯಕನ ಕಾಲಕ್ಕೆ, ಆ ಹೆಮ್ಮೆಯೊಂದೇ ಉಳಿದಿತ್ತೆನ್ನಬಹುದು. ಹೈದರಾಬಾದಿನ ನಿಜಾಮನಿಗೆ ಸಲ್ಲಬೇಕಾದ ಕಪ್ಪ ಮತ್ತು ನಜರಾಣದ ಬಾಕಿ ಬೆಟ್ಟದಷ್ಟಾಗಿತ್ತು. ಸಾಹುಕಾರರ ಸಾಲ ಬೇರೆ. ಅದರ ಮೇಲೆ, ನಿಜಾಮನ ಬೆನ್ನ ಹಿಂದೆ ಕಂಪನಿ ಸರಕಾರವೂ ಅದರ ರೆಸಿಡೆಂಟನೂ ನಿಂತಿದ್ದರು.

ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನಿಗೆ ಏಳೆಂಟು ವರ್ಷ. ಅವನು ಹುಟ್ಟಿದ್ದು 1834ರ ಸುಮಾರಿಗೆ ಎಂದು ಹೇಳಬಹುದು. ತಾಯಿ ರಾಣಿ ಈಶ್ವರಮ್ಮನಿಗೂ ಸತ್ತ ಅರಸನ ಸೋದರ ಪಿಡ್ಡ ನಾಯಕನಿಗೂ ರಾಜ್ಯದ ಹೊಣೆ ಯಾರದೆಂಬ ಜಗಳ ಎದ್ದಿತು. ಒಂದು ಕಡೆ ಅರಮನೆಯ ಮುದ್ರೆ ಮತ್ತು ಮಗು. ಇನ್ನೊಂದು ಕಡೆ ಗಂಡಸಿನ ಹಕ್ಕು. ಎರಡೂ ಪಕ್ಷಗಳಲ್ಲಿ ಕತ್ತಿ ಹಿಡಿದ ಬೇಡರಿದ್ದರು. ಈ ಬಿಕ್ಕಟ್ಟನ್ನು ಬಿಡಿಸಲು ರೆಸಿಡೆಂಟ್ ಫ್ರೇಜರನು ಕಳಿಸಿದ ಅಧಿಕಾರಿಯೇ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್.

ಟೇಲರನ ಹೆಸರನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಠಕ್ಕರ ಜೀವನವನ್ನು ಕುರಿತ ಅವನ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಅವನನ್ನು ಒಮ್ಮೆಗೇ ಪ್ರಸಿದ್ಧನನ್ನಾಗಿ ಮಾಡಿತ್ತು. ಮರುವರ್ಷ ಟೀಪೂ ಸುಲ್ತಾನನ ಕಾದಂಬರಿ ಬಂದಿತು. ಆದರೆ ಇಲ್ಲಿ ನಮಗೆ ಬೇಕಾದುದು ಅವನ ಬಾಲ್ಯದ ಒಂದು ಸಂಗತಿ. ಅವನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ತಂದೆಯ ವ್ಯಾಪಾರ ಕುಸಿಯಿತು. ಹದಿನೈದು ತುಂಬಿದ ಹುಡುಗನನ್ನು ಹಡಗು ಹತ್ತಿಸಿ, ಮುಂಬಯಿಯ ಒಬ್ಬ ವರ್ತಕನ ಬಳಿಗೆ ಗುಮಾಸ್ತನಾಗಿ ಕಳಿಸಿದರು. 1824ರಲ್ಲಿ ಮುಂಬಯಿಗೆ ಬಂದಿಳಿದಾಗ ತಿಳಿದದ್ದು, ಆ ವರ್ತಕನೇ ದಿವಾಳಿಯ ಅಂಚಿನಲ್ಲಿದ್ದಾನೆ ಎಂದು. ಪರದೇಶದಲ್ಲಿ ಹಣವಿಲ್ಲದೆ, ದಿಕ್ಕಿಲ್ಲದೆ ನಿಂತ ಆ ಹುಡುಗನ ಕೈ ಹಿಡಿದವನು ತಾಯಿಯ ಕಡೆಯ ಒಬ್ಬ ಬಂಧು, ಮುಂಬಯಿ ಸರಕಾರದ ಮುಖ್ಯ ಕಾರ್ಯದರ್ಶಿಯಾಗಿದ್ದ ನ್ಯೂನ್‌ಹ್ಯಾಮ್. ಅವನ ಪ್ರಯತ್ನದಿಂದಲೇ ಟೇಲರನಿಗೆ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಆ ಒಂದು ಕೈ ಇಲ್ಲದಿದ್ದರೆ ಟೇಲರನ ಗತಿ ಏನಾಗುತ್ತಿತ್ತೋ! ಹುಡುಗತನದಿಂದ ಗಂಡಸುತನಕ್ಕೆ ಕಾಲಿಡುವ ಹೊಸ್ತಿಲಲ್ಲಿ ಒಬ್ಬ ಹಿರಿಯನು ಜೊತೆಗಿರುವುದು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

1841ರ ಕೊನೆಯ ಹೊತ್ತಿಗೆ ಸುರಪುರದ ಕೆಲಸಕ್ಕೆ ನೇಮಕಗೊಂಡ ಟೇಲರನು ಸುಮಾರು ಹನ್ನೆರಡು ವರ್ಷ ಅಲ್ಲಿಯೇ ಉಳಿದನು. ಮೊದಲು ಪಿಡ್ಡ ನಾಯಕನ ಆಡಳಿತಕ್ಕೆ ಸಲಹೆಗಾರನಾಗಿದ್ದವನ ಹೆಗಲ ಮೇಲೆ ಕ್ರಮೇಣ ಇಡೀ ಸಂಸ್ಥಾನದ ಭಾರವೇ ಬಿದ್ದಿತು. ಅವನ ಬಳಿ ದೊಡ್ಡ ಸೈನ್ಯವಿರಲಿಲ್ಲ. ಸಹಾಯಕ್ಕೆ ಇಂಗ್ಲೀಷ್ ಅಧಿಕಾರಿಗಳ ಪಡೆಯೂ ಇರಲಿಲ್ಲ. ಜನರ ಭಾಷೆಯಲ್ಲಿ ಮಾತನಾಡಿ, ಬೇಡ ದೊರೆಗಳನ್ನು ಒಬ್ಬೊಬ್ಬರಾಗಿ ಕರೆದು ಒಲಿಸಿಕೊಂಡು ಅವನು ಕೆಲಸ ನಡೆಸಿದನು. ಭೂಮಿಯನ್ನು ಅಳೆಯಿಸಿದನು, ಕಂದಾಯವನ್ನು ಕ್ರಮಪಡಿಸಿದನು, ದಾರಿ ಹಾಕಿಸಿದನು. ಪಿಡ್ಡ ನಾಯಕರ ಕಾಲದಿಂದ ಬಂದಿದ್ದ ಬೋನಾಳದ ಕೆರೆಯನ್ನು ವಿಸ್ತರಿಸಿ ಬಲಪಡಿಸಿದನು. ಇಂದು ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವ ಬೋನಾಳ ಪಕ್ಷಿಧಾಮ ಆ ಕೆರೆಯೇ. ಬಿಡುವಿದ್ದಾಗ ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು, ರಾಜನಕೋಳೂರಿನ ಕಲ್ಲುಮನೆಗಳನ್ನು ಅಳೆದು, ಅಗೆದು, ಚಿತ್ರ ಬರೆದು ವಿದ್ವತ್ಪತ್ರಿಕೆಗಳಿಗೆ ಲೇಖನ ಕಳಿಸಿದನು. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಅಧ್ಯಯನಕ್ಕೆ ಈ ಲೇಖನಗಳೂ ತಳಹದಿ. ಜನರು ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಮೆಡೋಸ್ ಎಂಬ ಹೆಸರು ಸಗರನಾಡಿನ ನಾಲಗೆಯ ಮೇಲೆ ಮಹಾದೇವನಾದದ್ದು ಸೊಗಸಾಗಿಯೇ ಇದೆ.

ಇದೆಲ್ಲ ಆಡಳಿತದ ಮಾತು. ಈ ಆಡಳಿತ ಯಾರ ಹೆಸರಿನಲ್ಲಿ ನಡೆಯುತ್ತಿತ್ತೋ ಆ ಹುಡುಗನ ಮಾತೇನು? ವೆಂಕಟಪ್ಪನು ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ತಂದೆಯನ್ನು ಕಳೆದುಕೊಂಡ ಮಗುವಿಗೆ ಆ ಕರೆ ಬರಿಯ ಉಪಚಾರವಾಗಿರಲಾರದು. ಟೇಲರನಿಗೂ ಅದು ಹಿತವಾಗಿತ್ತು. ಅವನ ಸ್ವಂತ ಹೆಣ್ಣುಮಕ್ಕಳು ಸಾವಿರಾರು ಹರದಾರಿ ದೂರದ ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದರು. ಹೀಗೆ ಮಕ್ಕಳಿಂದ ದೂರವಾದ ಒಬ್ಬ ತಂದೆ, ತಂದೆಯಿಲ್ಲದ ಒಬ್ಬ ಮಗ ಒಂದೆಡೆ ಸೇರಿದರು. ಆದರೆ ಹುಡುಗನು ಬಂಗಲೆಯಲ್ಲಿ ವಾಸಿಸುತ್ತಿರಲಿಲ್ಲ. ಹಗಲಿನ ಕೆಲವು ಗಂಟೆ ಪಾಲಕನವು. ಉಳಿದ ಹೊತ್ತು, ಮುಖ್ಯವಾಗಿ ರಾತ್ರಿ, ಅರಮನೆಯದು.

ಅರಮನೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಟೇಲರನ ಆತ್ಮಕಥೆಯಿಂದಲೇ ನಾವು ತಿಳಿಯಬೇಕಾಗಿದೆ. ಆ ಗ್ರಂಥ ರಾಣಿ ಈಶ್ವರಮ್ಮನ ವಿಷಯದಲ್ಲಿ ಬಹಳ ಕಟುವಾಗಿದೆ. ಆಕೆ ಹುಡುಗನ ಓದಿಗೆ ಅಡ್ಡ ಬಂದಳು, ಅವನನ್ನು ಕೆಟ್ಟ ಸಹವಾಸಕ್ಕೆ ಬಿಟ್ಟಳು, ಒಳಸಂಚು ನಡೆಸಿದಳು ಎಂದು ಅದು ಹೇಳುತ್ತದೆ. ಇದರಲ್ಲಿ ನಿಜವೆಷ್ಟೋ ಇರಬಹುದು. ಆದರೆ ಆ ಕಥೆಯನ್ನು ಬರೆದವನು ಆಕೆಯ ಕೈಯಿಂದ ಅಧಿಕಾರವನ್ನು ಕಿತ್ತುಕೊಂಡವನು ಎಂಬುದನ್ನು ಓದುಗರು ಮರೆಯಬಾರದು. ಈಶ್ವರಮ್ಮ ತನ್ನ ಕಥೆಯನ್ನು ತಾನು ಬರೆಯಲಿಲ್ಲ. ವಿಧವೆಯಾದ ಎಳೆಯ ರಾಣಿಯೊಬ್ಬಳು ಪರದೇಶದ ಅಧಿಕಾರಿಗೆ ತನ್ನ ಮಗನನ್ನೂ ರಾಜಮುದ್ರೆಯನ್ನೂ ಒಪ್ಪಿಸಬೇಕಾಗಿ ಬಂದಾಗ ಆಕೆಯ ಒಡಲಲ್ಲಿ ಎದ್ದ ಉರಿಯನ್ನು ಯಾವ ದಫ್ತರವೂ ದಾಖಲೆ ಮಾಡಿಲ್ಲ. ಮಗುವಿನ ಮುಂದೆ ಇಬ್ಬರು ಹಿರಿಯರು ಒಬ್ಬರನ್ನೊಬ್ಬರು ಅಲ್ಲಗಳೆಯುತ್ತ ಇದ್ದರೆಂಬುದಷ್ಟು ಸ್ಪಷ್ಟ. ಹೀಗೆ ಎರಡು ಮನೆಗಳಿಗೆ ಹಂಚಿಹೋದ ಮಗು ಎರಡೂ ಕಡೆ ಮೆಚ್ಚುವಂತೆ ನಡೆಯಲು ಕಲಿಯುತ್ತದೆ; ತನಗೆ ಬೇಕಾದದ್ದು ಯಾವುದೆಂದು ತಿಳಿಯಲು ಕಲಿಯುವುದಿಲ್ಲ.

ಇದರ ಜೊತೆಗೆ ಒಂದು ಜಾತಕದ ಕಥೆಯೂ ಇದೆ. ಹುಡುಗನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಿ ಬದುಕುವುದಿಲ್ಲವೆಂದು ಅರಮನೆಯ ಬ್ರಾಹ್ಮಣನು ಜಾತಕ ಗುಣಿಸಿ ಹೇಳಿದ್ದನೆಂದೂ, ಆ ಗುಟ್ಟನ್ನು ತನಗೆ ಬಹಳ ಹಿಂದೆಯೇ ತಿಳಿಸಿದ್ದರೆಂದೂ ಟೇಲರನು ಬರೆದಿದ್ದಾನೆ. ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ನನಗೆ ತೋರುವುದು ಇಷ್ಟೇ: ಈ ಮಗು ದೊಡ್ಡದಾಗಿ ಬಹಳ ಕಾಲ ಬಾಳುವುದಿಲ್ಲ ಎಂದು ನಂಬಿದ ಮನೆಯವರು ಅದನ್ನು ದೊಡ್ಡದಾಗುವುದಕ್ಕೆ ಸಿದ್ಧಪಡಿಸುವ ಶ್ರಮವನ್ನು ತಾನೇ ಏಕೆ ವಹಿಸಿಯಾರು?

ಟೇಲರನ ಕಡೆಯೂ ಲೋಪವಿಲ್ಲದೆ ಇರಲಿಲ್ಲ. ಅವನು ದಕ್ಷನು, ಪ್ರಾಮಾಣಿಕನು. ಆದರೆ ದಕ್ಷರಲ್ಲಿ ಒಂದು ದೋಷ ಸಾಮಾನ್ಯ. ಎಲ್ಲವನ್ನೂ ತಾವೇ ಮಾಡಿಬಿಡುತ್ತಾರೆ. ಲೆಕ್ಕ, ದಫ್ತರ, ನ್ಯಾಯ, ಕೆರೆಕಟ್ಟೆ, ಹೈದರಾಬಾದಿನ ಪತ್ರವ್ಯವಹಾರ ಎಲ್ಲವೂ ಒಂದೇ ಮೇಜಿನ ಮೇಲಿದ್ದವು. ಸಾಲ ತೀರುತ್ತ ಬಂದಿತು, ಬೊಕ್ಕಸ ತುಂಬುತ್ತ ಬಂದಿತು. ಹುಡುಗನಿಗೆ ದೊರೆತದ್ದು ಚೆನ್ನಾಗಿ ನಡೆಯುವ ಒಂದು ರಾಜ್ಯ. ಅದನ್ನು ನಡೆಸುವ ಕೈಗಳಲ್ಲ. ಎತ್ತು ಹೂಡುವುದನ್ನು ಕಟ್ಟೆಯ ಮೇಲೆ ಕುಳಿತು ನೋಡಿದವನಿಗೆ ಉಳುಮೆ ಬರುವುದಿಲ್ಲ. ಮೊದಲ ಸಾಲು ಸೊಟ್ಟಗಾದರೂ ಮೇಳಿಯನ್ನು ಅವನ ಕೈಗೇ ಕೊಟ್ಟು, ಹಿಂದೆ ನಡೆಯಬೇಕಾಗುತ್ತದೆ.

1853 ಬಂದಿತು. ಆ ವರ್ಷದ ಮೇ ತಿಂಗಳಲ್ಲಿ ನಿಜಾಮನಿಗೂ ಕಂಪನಿ ಸರಕಾರಕ್ಕೂ ಹೊಸ ಕರಾರಾಯಿತು. ಸೈನ್ಯದ ವೆಚ್ಚದ ಬಾಕಿಗಾಗಿ ನಿಜಾಮನು ವರಾಡ, ರಾಯಚೂರು ದೋಆಬ್, ನಳದುರ್ಗ ಮೊದಲಾದ ಸೀಮೆಗಳನ್ನು ಕಂಪನಿಯ ಆಡಳಿತಕ್ಕೆ ಬಿಟ್ಟುಕೊಟ್ಟನು. ಈ ಸೀಮೆಗಳನ್ನು ನಡೆಸಲು ಅನುಭವಿಗಳಾದ ಅಧಿಕಾರಿಗಳು ಬೇಕಾದರು. ಅದೇ ವರ್ಷ ವೆಂಕಟಪ್ಪ ನಾಯಕನನ್ನು ಪ್ರಾಪ್ತವಯಸ್ಕನೆಂದು ಗಣಿಸಿ ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಲಾಯಿತು. ಟೇಲರನು ನಳದುರ್ಗ ಸೀಮೆಗೆ ಹೊರಟುಹೋದನು. ಒಂದು ಕಡೆ ಅಧಿಕಾರ ಬಂದಿತು, ಇನ್ನೊಂದು ಕಡೆ ಪಾಲಕನು ಹೋದನು. ಎರಡೂ ಒಂದೇ ಕಾಲಕ್ಕೆ. ಸುರಪುರದಲ್ಲಿ ಅರಸನ ಪಕ್ಕದಲ್ಲಿ ಕುಳಿತು ಬುದ್ಧಿ ಹೇಳಬಲ್ಲ, ಬೇಡವೆನ್ನಬಲ್ಲ ಅಧಿಕಾರಿಯೊಬ್ಬನನ್ನು ಇರಿಸುವ ಯೋಚನೆ ಯಾರಿಗೂ ಬಂದಂತಿಲ್ಲ. ಹನ್ನೆರಡು ವರ್ಷ ಹಿಡಿದ ಕೈಯನ್ನು ಒಂದು ಋತುವಿನಲ್ಲಿ ಬಿಡಲಾಯಿತು.

ಇದನ್ನು ನಮ್ಮ ಮೈಸೂರಿನ ಎರಡು ಸಂಗತಿಗಳೊಡನೆ ಹೋಲಿಸಿ ನೋಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು ಮಗುವಾಗಿದ್ದಾಗ ದಿವಾನ್ ಪೂರ್ಣಯ್ಯನವರು ರಾಜ್ಯವನ್ನು ನಡೆಸಿದರು, ಬೊಕ್ಕಸವನ್ನು ತುಂಬಿದರು. ಒಡೆಯರಿಗೆ ಹದಿನಾರು ತುಂಬಿದಾಗ ಅಧಿಕಾರ ಅವರಿಗೆ ಬಂದಿತು, 1812ರಲ್ಲಿ ಪೂರ್ಣಯ್ಯನವರು ತೀರಿಕೊಂಡರು. 1831ರಲ್ಲಿ ನಗರದ ದಂಗೆಯನ್ನು ಕಾರಣವಾಗಿ ತೋರಿಸಿ ಕಂಪನಿ ಸರಕಾರ ಆಡಳಿತವನ್ನೇ ಕಸಿದುಕೊಂಡಿತು. ಅಲ್ಲಿಂದ ಐವತ್ತು ವರ್ಷಕ್ಕೆ, 1881ರ ಮಾರ್ಚ್ 25ರಂದು, ಹದಿನೆಂಟರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದಾಗ ಅವರ ಪಕ್ಕದಲ್ಲಿ ದಿವಾನ್ ರಂಗಾಚಾರ್ಲು ಇದ್ದರು. ಅವರು ತೀರಿಕೊಂಡ ಮೇಲೆ ಶೇಷಾದ್ರಿ ಅಯ್ಯರ್ ಬಂದರು. ಅದೇ ಎಳೆಯ ವಯಸ್ಸು, ಅದೇ ಪರಕೀಯರ ಪಾಲನೆ. ಆದರೆ ಹೊಸ್ತಿಲಲ್ಲಿ ಒಬ್ಬ ಮಂತ್ರಿಯಿದ್ದನು. ಸುರಪುರಕ್ಕೆ ರಂಗಾಚಾರ್ಲು ದೊರೆಯಲಿಲ್ಲ.

ಅರಸುಮಕ್ಕಳ ಮಾತು ದೂರದ್ದೆಂದು ತೋರಬಹುದು, ಹಾಗೇನೂ ಇಲ್ಲ. ಇಂದಿಗೂ ಅನಾಥಾಲಯದಲ್ಲಿಯೋ ಸಾಕುಮನೆಯಲ್ಲಿಯೋ ಬೆಳೆದ ಮಗುವಿಗೆ ಹದಿನೆಂಟು ತುಂಬಿತೆಂದರೆ ಅದರ ಹೆಸರಿನ ಕಡತ ಮುಚ್ಚುತ್ತದೆ. 2015ರ ಬಾಲನ್ಯಾಯ ಕಾಯಿದೆ ಇಪ್ಪತ್ತೊಂದರವರೆಗೆ ಅನುಪಾಲನೆಗೆ ಎಡೆ ಮಾಡಿಕೊಟ್ಟಿದೆ. ಬೌದ್ಧಿಕ ವಿಕಲತೆಯುಳ್ಳವರಿಗೆ ಹದಿನೆಂಟರ ನಂತರವೂ ಪಾಲಕರನ್ನು ನೇಮಿಸುವ ಅಧಿಕಾರವನ್ನು 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಟ್ಟಿದೆ. ಆದರೆ ಕಾಯಿದೆಯಲ್ಲಿ ಪಾಲಕನಿರುವುದು ಬೇರೆ, ಅಪ್ಪಾ ಎಂದು ಕರೆದಾಗ ಓಗೊಡುವವನಿರುವುದು ಬೇರೆ. ವೆಂಕಟಪ್ಪ ನಾಯಕನು ಚುರುಕುಬುದ್ಧಿಯ ತರುಣ. ರಾಜ್ಯ, ಕೋಟೆ, ಕುದುರೆ, ಕುಲದ ಹೆಸರು ಎಲ್ಲವೂ ಇದ್ದವನು. ಅವನೇ ಆ ಹೊಸ್ತಿಲಲ್ಲಿ ಮುಗ್ಗರಿಸಿದನೆಂದರೆ, ಇವಾವುವೂ ಇಲ್ಲದ, ತನ್ನ ಕಷ್ಟವನ್ನು ಮಾತಿನಲ್ಲಿ ಹೇಳಲೂ ಆಗದ ಮಗುವನ್ನು ಅದೇ ಹೊಸ್ತಿಲಲ್ಲಿ ಒಂಟಿಯಾಗಿ ನಿಲ್ಲಿಸುವುದು ಎಂತಹ ಕೆಲಸವೆಂದು ಯೋಚಿಸಬೇಕು.

1853ರಿಂದ 1857ರವರೆಗಿನ ವರ್ಷಗಳ ವಿಷಯವಾಗಿ ನಮಗೆ ತಿಳಿದದ್ದು ಸ್ವಲ್ಪ, ಅದೂ ಟೇಲರನು ಕೇಳಿ ಬರೆದದ್ದು. ಕೂಡಿಟ್ಟ ಹಣ ಕರಗಿತು. ಹಳೆಯ ನಂಬಿಕೆಯ ನೌಕರರು ದೂರವಾದರು. ಹೊಗಳುಭಟರು ಹತ್ತಿರ ಬಂದರು. ಸಾಲ ಮತ್ತೆ ತಲೆಯೆತ್ತಿತು. ಇದನ್ನು ತರುಣನ ದುರ್ಗುಣವೆಂದು ಬಣ್ಣಿಸುವುದು ಸುಲಭ, ಹಾಗೆಯೇ ಬಣ್ಣಿಸಿದವರೂ ಇದ್ದಾರೆ. ಆದರೆ ಹತ್ತೊಂಬತ್ತರ ಹುಡುಗನ ಕೈಗೆ ತುಂಬಿದ ಬೊಕ್ಕಸವನ್ನು ಕೊಟ್ಟು ಮರುದಿನ ಊರು ಬಿಟ್ಟವರಿಗೆ ಅಚ್ಚರಿಪಡುವ ಹಕ್ಕಿಲ್ಲ.

ಆ ಹೊತ್ತಿಗೆ ನಾಡಿನ ಗಾಳಿಯೇ ಬದಲಾಗಿತ್ತು. ಡಾಲ್‌ಹೌಸಿಯ ಕಾಲದಲ್ಲಿ ಸಂಸ್ಥಾನಗಳು ಒಂದರ ಮೇಲೊಂದು ಕಂಪನಿಯ ಪಾಲಾಗಿದ್ದವು. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ಎದ್ದರು. ಆ ನವೆಂಬರಿನಲ್ಲಿ, ಆಯುಧ ಒಪ್ಪಿಸಬೇಕೆಂಬ ಕಟ್ಟಳೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಕಾದಿ ಮಡಿದರು. ಆ ಬೇಡರೂ ಸುರಪುರದ ಬೇಡರೂ ಒಂದೇ ಬಳ್ಳಿಯ ಕಾಯಿಗಳು. ನಾನಾ ಸಾಹೇಬನ ಕಡೆಯ ದೂತರು ದಕ್ಷಿಣದ ಸಂಸ್ಥಾನಗಳಲ್ಲಿ ಸುಳಿಯುತ್ತಿದ್ದಾರೆಂಬ ಸುದ್ದಿ ಹರಡಿತ್ತು. ಪೇಶ್ವೆಯ ಹೆಸರು, ಧರ್ಮದ ಹೆಸರು, ಕುಲದ ಹೆಸರು, ವಾಗಣಗೇರಿಯ ನೆನಪು. ಇಷ್ಟೆಲ್ಲ ಒಟ್ಟಿಗೆ ಬಂದು ಬಾಗಿಲು ತಟ್ಟಿದಾಗ ಇಪ್ಪತ್ತಮೂರರ ಅರಸನು ಏನು ಮಾಡಬೇಕಾಗಿತ್ತು? ಅವನನ್ನು ದುಷ್ಟ ಮಂತ್ರಿಗಳು ಕೆಡಿಸಿದರೆಂಬುದು ಟೇಲರನ ವಾದ. ಪ್ರೀತಿಯಿಂದ ಆಡಿದ ಮಾತದು. ಆದರೂ ಪೂರ್ತಿ ನ್ಯಾಯದ ಮಾತಲ್ಲ. ಸಾಕಿದ ಮಗ ತಾನಾಗಿಯೇ ತನ್ನ ಜನರ ಕಡೆಗೆ ನಿಂತನೆಂಬುದನ್ನು ಒಪ್ಪಲು ಸಾಕಿದವನಿಗೆ ಕಷ್ಟ. ಕುಲದ ಹಿರಿಮೆಗಾಗಿ ಕತ್ತಿ ಹಿರಿಯುವುದು ಬೇಡ ನಾಯಕನಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಪಕ್ಕದಲ್ಲಿ ಹಿರಿಯನಿದ್ದಿದ್ದರೆ ಅವನು ದಂಗೆಯೇಳುತ್ತಿರಲಿಲ್ಲವೆಂದು ನಾನು ಹೇಳಲಾರೆ. ಎದ್ದರೂ ಕಣ್ಣು ತೆರೆದು, ಬಲಾಬಲ ತಿಳಿದು ಏಳುತ್ತಿದ್ದನು ಎಂದಷ್ಟೇ ಹೇಳಬಲ್ಲೆ.

ರೆಸಿಡೆಂಟ್ ಡೇವಿಡ್‌ಸನ್ನನು ಎಚ್ಚೆತ್ತದ್ದು ತಡವಾಗಿ. 1858ರ ಆದಿಯಲ್ಲಿ ಕ್ಯಾಪ್ಟನ್ ಕ್ಯಾಂಪ್‌ಬೆಲ್ ಎಂಬವನನ್ನು ಅರಸನಿಗೆ ಬುದ್ಧಿ ಹೇಳಲೆಂದು ಸುರಪುರಕ್ಕೆ ಕಳಿಸಿದನು. ಐದು ವರ್ಷ ಯಾರೂ ಇಲ್ಲದ ಕಡೆಗೆ ಅಪರಿಚಿತನೊಬ್ಬನು ಬಂದನು. ಬಂದವನ ಹಿಂದೆಯೇ ಸೈನ್ಯದ ಚಲನೆಯೂ ಕಂಡಿತು. ಇದು ಉಪದೇಶವೋ ಮುತ್ತಿಗೆಯೋ ಎಂದು ಅರಮನೆ ಕೇಳಿದ್ದರೆ ತಪ್ಪಿಲ್ಲ. ಫೆಬ್ರವರಿ 7ರ ರಾತ್ರಿ, ಸುರಪುರದ ಬಳಿ ಬೀಡುಬಿಟ್ಟಿದ್ದ ಕ್ಯಾಪ್ಟನ್ ವಿಂಡ್‌ಹ್ಯಾಮನ ದಂಡಿನ ಮೇಲೆ ಬೇಡರು ಎರಗಿದರು. ರಾತ್ರಿಯೆಲ್ಲ ಗುಂಡು ಹಾರಿತು. ಮರುದಿನ ಮದರಾಸಿನ ಕಡೆಯ ಸೈನ್ಯ ಕೂಡಿಕೊಂಡಿತು; ಗುಡ್ಡಗಳ ನಡುವೆ ನಡೆದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಆ ಇರುಳು ಅರಸನು ಕೆಲವೇ ಕುದುರೆ ಸವಾರರೊಡನೆ ಊರು ಬಿಟ್ಟನು. ಬೆಳಗಾದಾಗ ಸುರಪುರ ಬರಿದಾಗಿತ್ತು.

ಅವನು ಹೋದದ್ದು ಹೈದರಾಬಾದಿಗೆ. ಅಲ್ಲಿ ಸಹಾಯ ಸಿಕ್ಕೀತೆಂಬ ಆಸೆಯಿಂದ ಹೋಗಿರಬೇಕು. ಸಹಾಯ ಸಿಗಲಿಲ್ಲ; ನಿಜಾಮನ ಮಂತ್ರಿ ಸಾಲಾರ್ ಜಂಗನ ಕೈಗೆ ಸಿಕ್ಕಿದನು. ಮಂತ್ರಿ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದನು. ಸಿಕಂದರಾಬಾದಿನ ಸೆರೆಯಲ್ಲಿ ಅವನ ವಿಚಾರಣೆ ನಡೆಯಿತು.

ಟೇಲರನು ಆಗ ವರಾಡದ ಬುಲಢಾಣೆಯಲ್ಲಿದ್ದನು. ಸುರಪುರವನ್ನು ಮತ್ತೆ ನೋಡಿಕೊಳ್ಳಲು ಕಮೀಷನರನಾಗಿ ಅವನನ್ನು ಕರೆಸಿದರು. ದಾರಿಯಲ್ಲಿ ಅವನು ಸೆರೆಮನೆಗೆ ಹೋದನು. ಐದು ವರ್ಷದ ಮೇಲೆ ತಂದೆ ಮಗ ಇಬ್ಬರೂ ಭೇಟಿಯಾದದ್ದು ಹೀಗೆ. ತರುಣನು ಅವನನ್ನು ಬಿಗಿಯಾಗಿ ತಬ್ಬಿಕೊಂಡು ಅತ್ತನೆಂದು ಟೇಲರನು ಬರೆದಿದ್ದಾನೆ. ದಂಗೆಗೆ ಪ್ರೇರಿಸಿದವರ ಹೆಸರನ್ನು ಹೇಳಿದರೆ ಒಳ್ಳೆಯದಾದೀತೆಂಬ ಸೂಚನೆ ಅವನಿಗೆ ಬಂದಿತು. ಅವನು ಹೇಳಲಿಲ್ಲ. ಪ್ರಾಣಭಿಕ್ಷೆಯನ್ನು ಬೇಡಲೂ ಒಪ್ಪಲಿಲ್ಲ. ಕಳ್ಳನಂತೆ ನೇಣಿಗೆ ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಲಿ, ತಾನು ಅಲುಗದೆ ನಿಲ್ಲುವೆನೆಂದು ತಿಳಿಸಿದನು. ಕರಿನೀರಿನ ಶಿಕ್ಷೆ ಸಾವಿಗಿಂತ ಹೀನ. ಬಡ ಬೇಡನೂ ಸೆರೆಯಲ್ಲಿ ಬಾಳಲಾರ, ಅರಸನಾದವನು ಹೇಗೆ ಬಾಳಿಯಾನು ಎಂಬುದು ಅವನ ಭಾವವಾಗಿತ್ತು. ಐದು ವರ್ಷ ಹೊಗಳುಭಟರ ಮಧ್ಯೆ ದಿಕ್ಕೆಟ್ಟಿದ್ದವನೆಂದು ಹೇಳಲಾಗುವ ತರುಣ ಇವನೇ! ಮರಣದ ಮುಂದೆ ನಿಂತಾಗ ಯಾರ ಸಲಹೆಯೂ ಇಲ್ಲದೆ ತನ್ನ ನಿರ್ಧಾರವನ್ನು ತಾನು ಮಾಡಿದನು. ಅವನು ಹುಡುಗತನವನ್ನು ದಾಟಿದ್ದು 1853ರ ಪಟ್ಟದ ದಿನವಲ್ಲ, ಸಿಕಂದರಾಬಾದಿನ ಸೆರೆಯಲ್ಲಿ ಎಂದು ತೋರುತ್ತದೆ.

ನ್ಯಾಯಾಲಯ ಮರಣದಂಡನೆಯನ್ನು ವಿಧಿಸಿತು. ಡೇವಿಡ್‌ಸನ್ನನು ಅದನ್ನು ಜೀವಾವಧಿ ದ್ವೀಪಾಂತರವಾಸಕ್ಕೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದು ತೀರ್ಮಾನಿಸಿದನು. ಹೆಂಡಿರು ಜೊತೆಗಿರಬಹುದು, ನಡತೆ ತಿದ್ದಿಕೊಂಡರೆ ರಾಜ್ಯವೂ ಮರಳಿ ದೊರೆಯಬಹುದು. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಾವಲಿನಲ್ಲಿ ನಾಲ್ಕು ವರ್ಷ, ಮೇಲ್ವಿಚಾರಣೆ, ಜೊತೆಯಲ್ಲಿ ಕುಟುಂಬ, ಕೊನೆಗೆ ಹಂತಹಂತವಾಗಿ ಅಧಿಕಾರ. 1853ರಲ್ಲಿ ಪ್ರೀತಿಯಿಂದ ಮಾಡಬಹುದಾಗಿದ್ದ ವ್ಯವಸ್ಥೆಯನ್ನು ಐದು ವರ್ಷ ತಡವಾಗಿ ಶಿಕ್ಷೆಯ ರೂಪದಲ್ಲಿ ಮಾಡಿದರು.

ಈ ಸುದ್ದಿಯಿಂದ ಟೇಲರನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವನು ಸುರಪುರದಲ್ಲಿದ್ದನು. ರಾಣಿಯರಿಗೆ ಪ್ರಯಾಣದ ಏರ್ಪಾಡು ಮಾಡಬೇಕಾಗಿತ್ತು. ಜಾತಕ ಬರೆದಿದ್ದ ಮುದಿ ಬ್ರಾಹ್ಮಣನನ್ನು ಕರೆಸಿ, ನಿನ್ನ ಗಣಿತ ಸುಳ್ಳಾಯಿತು ನೋಡೆಂದು ಅವನು ಹೇಳಿದನಂತೆ. ವರ್ಷ ಇನ್ನೂ ಮುಗಿದಿಲ್ಲವೆಂಬ ಭಾವದಿಂದ ಆ ಮುದುಕನು ತಲೆಯಲ್ಲಾಡಿಸಿದನಂತೆ. ಹೈದರಾಬಾದಿನ ತುರ್ತು ಪತ್ರ ಬಂದದ್ದು ಆಮೇಲೆ.

1858ರ ಮೇ ತಿಂಗಳಲ್ಲಿ ಅರಸನನ್ನು ಸಿಕಂದರಾಬಾದಿನಿಂದ ಚೆಂಗಲ್ಪಟ್ಟಿಗೆ ಹೊರಡಿಸಿದ್ದರು. ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿ ತನ್ನ ಪಿಸ್ತೂಲನ್ನು ಇರಿಸಿ ಡೇರೆಯಿಂದ ಹೊರಗೆ ಹೋಗಿದ್ದಾಗ, ಗುಂಡಿನ ಸದ್ದು ಕೇಳಿತು. ಒಳಗೆ ಬಂದು ನೋಡಿದರೆ ವೆಂಕಟಪ್ಪ ನಾಯಕನು ಸತ್ತು ಬಿದ್ದಿದ್ದನು. ಸೆರೆಯಲ್ಲಿ ಅವನು ಆಡಿದ್ದ ಮಾತನ್ನು ನೆನೆದರೆ ತಾನೇ ಹಾರಿಸಿಕೊಂಡನೆಂದು ತೋರುತ್ತದೆ. ಕುತೂಹಲದಿಂದ ಕೈಗೆತ್ತಿಕೊಂಡಾಗ ಗುಂಡು ಸಿಡಿಯಿತೇನೋ ಎಂಬ ಸಂದೇಹಕ್ಕೂ ಎಡೆಯುಂಟು. ಆ ಡೇರೆಯೊಳಗೆ ನಡೆದದ್ದನ್ನು ಕಂಡವರಿಲ್ಲ. ಅದೇ ಬೇಸಗೆಯಲ್ಲಿ ಮುಂಡರಗಿಯ ಭೀಮರಾಯನೂ ನರಗುಂದದ ಬಾಬಾ ಸಾಹೇಬನೂ ಎದ್ದರು, ಅಡಗಿದರು. ಉತ್ತರ ಕರ್ನಾಟಕದ ಆ ದಂಗೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಹೇಳುವಾಗ ಸುರಪುರದ ಅರಸನ ಹೆಸರು ಮುಂಚೂಣಿಯಲ್ಲಿ ಬರುತ್ತದೆ. ಅದು ಸಲ್ಲತಕ್ಕ ಗೌರವವೇ ಸರಿ.

ಅರಮನೆಯ ಹೆಂಗಸರಿಗೆ ಸಾವಿನ ಸುದ್ದಿಯನ್ನು ತಿಳಿಸುವ ಕೆಲಸ ಟೇಲರನ ಪಾಲಿಗೆ ಬಂದಿತು. ಕೆಲವು ದಿನದ ಹಿಂದೆ ಶಿಕ್ಷೆ ಇಳಿದ ಸುದ್ದಿಯನ್ನು ಹೊತ್ತು ಹೋದವನೂ ಅವನೇ. ಅದರ ಬಳಿಕವೂ ಅವನು ಎರಡು ವರ್ಷ ಸುರಪುರದ ಆಡಳಿತವನ್ನು ನೋಡಿಕೊಂಡನು. ಅಳತೆ, ಕಂದಾಯ, ಕೆರೆ, ದಾರಿ, ಹಳೆಯ ಕೆಲಸಗಳೇ. ಯಾರಿಗಾಗಿ ಎಂಬುದು ಮಾತ್ರ ಬದಲಾಗಿತ್ತು. ಆರೋಗ್ಯ ಕೆಟ್ಟು 1860ರಲ್ಲಿ ಅವನು ಇಂಗ್ಲೆಂಡಿಗೆ ಮರಳಿದನು. ಅದೇ ವರ್ಷದ ಡಿಸೆಂಬರ್ ತಿಂಗಳ ಕರಾರಿನಲ್ಲಿ ಬ್ರಿಟಿಷ್ ಸರಕಾರ, 1857ರಲ್ಲಿ ತನ್ನ ಪಕ್ಷದಲ್ಲಿ ನಿಂತದ್ದಕ್ಕೆ ಪ್ರತಿಫಲವಾಗಿ, ನಿಜಾಮನ ಐವತ್ತು ಲಕ್ಷ ರೂಪಾಯಿ ಸಾಲವನ್ನು ಬಿಟ್ಟುಕೊಟ್ಟಿತು. ರಾಯಚೂರು ದೋಆಬನ್ನೂ ನಳದುರ್ಗವನ್ನೂ ಮರಳಿಸಿತು. ಅವುಗಳ ಜೊತೆಗೆ ಸುರಪುರವನ್ನೂ ಕೊಟ್ಟಿತು. ಔರಂಗಜೇಬನಿಗೆ ಸಿಕ್ಕದೆ ಉಳಿದ ನಾಯಕ ವಂಶದ ಆಳ್ವಿಕೆ ಒಂದು ಕರಾರಿನ ಕಲಮಿನಲ್ಲಿ ಮುಗಿಯಿತು.

ಟೇಲರನು ಆಮೇಲೆ ತಾರಾ ಮೊದಲಾದ ಕಾದಂಬರಿಗಳನ್ನು ಬರೆದನು. 1875ರಲ್ಲಿ, ಕಣ್ಣು ಮಂಜಾಗಿದ್ದರೂ, ಸಾಲಾರ್ ಜಂಗನ ಕರೆಗೆ ಓಗೊಟ್ಟು ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂತೊನ್ ಎಂಬ ಊರಿನಲ್ಲಿ ತೀರಿಕೊಂಡನು. ಅವನ ಆತ್ಮಕಥೆಯನ್ನು ಮಗಳು ಮರುವರ್ಷ ಪ್ರ­ಕಟಿಸಿದಳು. ವೆಂಕಟಪ್ಪ ನಾಯಕನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂಬುದನ್ನು ನಾವು ತಿಳಿದದ್ದು ಆ ಪುಸ್ತಕದಿಂದ.